ಕನ್ನಡಕ ಹಾಕಿಕೊಂಡ ಪೊಲೀಸ್: ‘ಬ್ಯಾಡ್ ಬಾಯ್ಸ್ ಫಾರ್ ಲೈಫ್’

ಮೆಕ್ಸಿಕೊದ ಪಾಳು ಅರಮನೆಯೊಂದರಲ್ಲಿ ನಡೆಯುವ ಕೊನೆಯ ಕಾಳಗದ ಹೊತ್ತಿಗೆ ಮಾರ್ಕಸ್ ಬರ್ನೆಟ್ ಎಂಬ ಪತ್ತೇದಾರ ಕನ್ನಡಕ ಹಾಕಿಕೊಳ್ಳುತ್ತಾನೆ. ಕಣ್ಣು ಮಂಜಾಗಿರುವುದನ್ನು ಅಲ್ಲಿಯವರೆಗೂ ಒಪ್ಪಿಕೊಳ್ಳದೆ ಅಂದಾಜಿನ ಮೇಲೆ ಗುಂಡು ಹಾರಿಸುತ್ತಿದ್ದವನಿಗೆ ಒಮ್ಮೆಲೇ ಎದುರಿನದೆಲ್ಲ ನಿಚ್ಚಳವಾಗಿ ಕಾಣುತ್ತದೆ. ಇಷ್ಟು ದಿನ ನಿನಗೆ ಹೀಗೇ ಕಾಣುತ್ತಿತ್ತೇ ಎಂದು ಅವನು ಜೊತೆಗಾರನನ್ನು ಬೆರಗಿನಿಂದ ಕೇಳುತ್ತಾನೆ. ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯಲ್ಲಿ ಕಳೆದ ಭಾನುವಾರ ಈ ಚಿತ್ರವನ್ನು ನನ್ನೊಡನೆ ನೋಡುತ್ತಿದ್ದ ಗೆಳೆಯ, ಮೂವತ್ತೈದು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಎ.ಎಸ್.ಐ. ಆಗಿ ನಿವೃತ್ತನಾದವನು, ಆ ಗಳಿಗೆಯಲ್ಲಿ ಮಾತಿಲ್ಲದೆ ತನ್ನ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡ. ಚಿತ್ರ ಎಲ್ಲಿ ಗೆದ್ದಿದೆ ಎಂಬುದು ನನಗೆ ಆಗಲೇ ತಿಳಿಯಿತು.

ಇಬ್ಬರು ಪೊಲೀಸರು, ಒಬ್ಬನಿಗೆ ಮನೆಯ ಚಿಂತೆ, ಇನ್ನೊಬ್ಬನಿಗೆ ಮನೆಯೇ ಇಲ್ಲ; ಸ್ವಭಾವದಲ್ಲಿ ಒಬ್ಬರಿಗೊಬ್ಬರು ಎಣ್ಣೆ ಸೀಗೆಕಾಯಿಯಂತಿದ್ದು ಆಪತ್ತಿನಲ್ಲಿ ಒಂದೇ ಜೀವವಾಗುವವರು. ಈ ಬಗೆಯ ಚಿತ್ರಗಳು 1980ರ ದಶಕದ ಹಾಲಿವುಡ್‌ನಲ್ಲಿ ಒಂದು ಪರಂಪರೆಯಾಗಿಯೇ ಬೆಳೆದವು. ‘ಬ್ಯಾಡ್ ಬಾಯ್ಸ್’ ಆ ಪರಂಪರೆಗೆ 1995ರಲ್ಲಿ ಸೇರಿತು. ಡಾನ್ ಸಿಂಪ್ಸನ್ ಮತ್ತು ಜೆರ್ರಿ ಬ್ರುಕ್‌ಹೈಮರ್ ನಿರ್ಮಿಸಿದ ಆ ಚಿತ್ರ, ಜಾಹೀರಾತು ಮತ್ತು ಮ್ಯೂಸಿಕ್ ವಿಡಿಯೊಗಳನ್ನು ಮಾಡಿಕೊಂಡಿದ್ದ ಮೈಕೆಲ್ ಬೇ ಅವರ ನಿರ್ದೇಶನದ ಮೊದಲ ಚಲನಚಿತ್ರವಾಗಿತ್ತು. ಆಗ ಮಾರ್ಕಸ್‌ನ ಪಾತ್ರ ಮಾಡಿದ ಮಾರ್ಟಿನ್ ಲಾರೆನ್ಸ್ ಮತ್ತು ಅವನ ಜೊತೆಗಾರ ಮೈಕ್ ಲೋರಿಯ ಪಾತ್ರ ಮಾಡಿದ ವಿಲ್ ಸ್ಮಿತ್ ಇಬ್ಬರೂ ಟಿ.ವಿ. ಧಾರಾವಾಹಿಗಳಿಂದ ಜನಪ್ರಿಯರಾದವರು, ಶೀರ್ಷಿಕೆಯಲ್ಲಿ ಮೊದಲು ಬರುತ್ತಿದ್ದ ಹೆಸರು ಲಾರೆನ್ಸ್ ಅವರದು ಎಂಬುದನ್ನು ಇಂದಿನ ಪ್ರೇಕ್ಷಕರು ನಂಬಲಿಕ್ಕಿಲ್ಲ. ಎರಡನೆಯ ಭಾಗ 2003ರಲ್ಲಿ ಬಂತು. ಮೂರನೆಯದಕ್ಕೆ 2020ರ ಜನವರಿಯವರೆಗೆ, ಅಂದರೆ 17 ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಸ್ಮಿತ್‌ಗೆ 51, ಲಾರೆನ್ಸ್‌ಗೆ 54 ವರ್ಷ ತುಂಬಿತ್ತು.

ಇಷ್ಟು ತಡವಾಗಿ ಬರುವ ಮುಂದುವರಿದ ಭಾಗಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅಳುಕು ಇದೆ. ಇಂಗ್ಲಿಷ್ ಚಿತ್ರಗಳು ಬೆಳಗಿನ ಆಟಕ್ಕಷ್ಟೇ ಬರುತ್ತಿದ್ದ ಕಾಲದಲ್ಲಿ ನಾವಿಬ್ಬರೂ ಸೈಕಲ್ ತುಳಿದುಕೊಂಡು ಹೋಗಿ ಟಾಕೀಸಿನ ಮುಂದಿನ ಸಾಲಿನಲ್ಲಿ ಕುಳಿತು ನೋಡಿದವರು. ಎರಡನೆಯ ಭಾಗವನ್ನು ಸಿ.ಡಿ. ಅಂಗಡಿಯಿಂದ ಒಂದು ರಾತ್ರಿಯ ಬಾಡಿಗೆಗೆ ತಂದು, ಅವನ ಪಾಳಿ ಮುಗಿದ ಮೇಲೆ ನೋಡಿದ್ದೆವು. ಅಂಥ ನೆನಪು ಇರುವ ಚಿತ್ರಕ್ಕೆ ವರ್ಷಗಳ ನಂತರ ಮತ್ತೊಂದು ಕಂತು ಬಂದಾಗ, ನಟರ ಮುಖಕ್ಕೆ ಬಣ್ಣ ಬಳಿದು, ಅವರ ಬದಲಿಗೆ ಸಾಹಸ ಕಲಾವಿದರನ್ನು ಓಡಿಸಿ, ಕಾಲವೇ ಕಳೆದಿಲ್ಲವೆಂಬಂತೆ ನಂಬಿಸಲು ಹೊರಡುತ್ತಾರೇನೋ ಎಂಬ ಭಯ ಸಹಜ. ‘ಬ್ಯಾಡ್ ಬಾಯ್ಸ್ ಫಾರ್ ಲೈಫ್’ ಹಾಗೆ ಮಾಡುವುದಿಲ್ಲ. ಕಳೆದ 17 ವರ್ಷಗಳನ್ನೇ ಅದು ಕಥೆಯ ಬಂಡವಾಳ ಮಾಡಿಕೊಂಡಿದೆ. ಆ ಬಂಡವಾಳವನ್ನು ಮಾರ್ಕಸ್‌ನ ಪಾಲಿನಲ್ಲಿ ಎಷ್ಟು ಚೆನ್ನಾಗಿ ಬೆಳೆಸಿದೆಯೋ, ಮೈಕ್ ಲೋರಿಯ ಪಾಲಿನಲ್ಲಿ ಅಷ್ಟೇ ಆತುರದಿಂದ ಖರ್ಚು ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸಬೇಕಾದರೆ ಕಥೆಯ ತಿರುವುಗಳನ್ನು ಹೇಳಲೇಬೇಕಾಗುತ್ತದೆ. ಚಿತ್ರವನ್ನು ಇನ್ನೂ ನೋಡದವರು ನೋಡಿದ ಮೇಲೆ ಮುಂದಿನದನ್ನು ಓದುವುದು ಒಳ್ಳೆಯದು.

ಚಿತ್ರ ಶುರುವಾಗುವುದು ಮಯಾಮಿಯ ರಸ್ತೆಯಲ್ಲಿ ಮಿಂಚಿನ ವೇಗದಲ್ಲಿ ಹೋಗುವ ಪೋರ್ಶೆ ಕಾರಿನಿಂದ. ಹಿಂದೆ ಪೊಲೀಸ್ ವಾಹನಗಳು, ಒಳಗೆ ಈ ಇಬ್ಬರ ಎಂದಿನ ಜಗಳ. ಯಾವುದೋ ಕಳ್ಳನನ್ನು ಬೆನ್ನಟ್ಟುತ್ತಿದ್ದಾರೆಂದು ನಾವು ಅಂದುಕೊಳ್ಳುತ್ತಿರುವಾಗಲೇ ಕಾರು ಆಸ್ಪತ್ರೆಯ ಮುಂದೆ ನಿಲ್ಲುತ್ತದೆ: ಮಾರ್ಕಸ್‌ನ ಮಗಳಿಗೆ ಹೆರಿಗೆಯಾಗುತ್ತಿದೆ, ಅವನು ಅಜ್ಜನಾಗುತ್ತಿದ್ದಾನೆ. ಮಗುವಿಗೆ ತನ್ನದೇ ಹೆಸರಿಟ್ಟಿದ್ದಾರೆಂದು ತಿಳಿದು ಅವನ ಕಣ್ಣು ತುಂಬುತ್ತದೆ. ಮೊದಲೆರಡು ಚಿತ್ರಗಳಲ್ಲಿ ವೇಗವೇ ಗುರಿಯಾಗಿತ್ತು. ಇಲ್ಲಿ ಅದೇ ವೇಗ ಒಂದು ತೊಟ್ಟಿಲ ಬಳಿಗೆ ಬಂದು ನಿಲ್ಲುತ್ತದೆ. ಮೊಮ್ಮಗನನ್ನು ಕಂಡವನಿಗೆ ಇನ್ನು ಸಾಕು ಎನಿಸುವುದು, ಮೊಮ್ಮಗನಿಲ್ಲದವನಿಗೆ ಅದು ಅರ್ಥವಾಗದಿರುವುದು, ಇಡೀ ಚಿತ್ರದ ಎಳೆ ಈ ಮೊದಲ ಹತ್ತು ನಿಮಿಷಗಳಲ್ಲೇ ಸಿಕ್ಕಿಬಿಡುತ್ತದೆ.

ನಂತರದ ಓಟದ ಪಂದ್ಯದ ದೃಶ್ಯವನ್ನು ನಾನು ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ಸಂತೋಷಕೂಟ ಮುಗಿದ ಮೇಲೆ ಇಬ್ಬರೂ ಬೀದಿಯಲ್ಲಿ ಹುಡುಗರಂತೆ ಪಂದ್ಯ ಕಟ್ಟಿ ಓಡುತ್ತಾರೆ. ಮಾರ್ಕಸ್ ಏದುಸಿರು ಬಿಡುತ್ತ ಹಿಂದೆ ಬೀಳುತ್ತಾನೆ. ಗಡ್ಡಕ್ಕೆ ಬಣ್ಣ ಹಚ್ಚಿಕೊಂಡು ವಯಸ್ಸನ್ನು ದೂರ ಇಟ್ಟಿರುವ ಮೈಕ್ ಹಿಂತಿರುಗಿ ನೋಡಿ ನಗುತ್ತಾನೆ. ಅದೇ ಕ್ಷಣದಲ್ಲಿ ಬೈಕಿನಲ್ಲಿ ಬಂದ ಮುಸುಕುಧಾರಿಯೊಬ್ಬ ಅವನ ಮೇಲೆ ಗುಂಡು ಹಾರಿಸುತ್ತಾನೆ. ಹಿನ್ನೆಲೆ ಸಂಗೀತದ ಮುನ್ಸೂಚನೆ ಇಲ್ಲ, ಕ್ಯಾಮೆರಾ ಮೊದಲೇ ಹೋಗಿ ಅಪಾಯವನ್ನು ತೋರಿಸುವುದಿಲ್ಲ. ಹಿಂದಿನ ಎರಡು ಚಿತ್ರಗಳಲ್ಲಿ ಸಾವಿರ ಗುಂಡುಗಳ ನಡುವೆ ಕೂದಲೂ ಕೊಂಕದೆ ನಡೆದುಬಂದವನು ನೆಲಕ್ಕೆ ಬೀಳುತ್ತಾನೆ. ನನ್ನ ಗೆಳೆಯ ಕೈಗೆತ್ತಿಕೊಂಡಿದ್ದ ಮಂಡಕ್ಕಿಯನ್ನು ಹಾಗೆಯೇ ತಟ್ಟೆಗೆ ಬಿಟ್ಟ. "ಹಿಂಗೇ ಆಗೋದು ಕಣಪ, ಎದುರಾ ಎದುರು ಯಾರೂ ಬರಲ್ಲ" ಎಂದಷ್ಟೇ ಹೇಳಿದ.

ಮೈಕ್ ಪ್ರಜ್ಞೆಯಿಲ್ಲದೆ ಮಲಗಿರುವಾಗ ಮಾರ್ಕಸ್ ದೇವರ ಮುಂದೆ ಮಾತು ಕೊಡುತ್ತಾನೆ: ಇವನನ್ನು ಉಳಿಸಿಕೊಟ್ಟರೆ ಇನ್ನು ಮುಂದೆ ನಾನು ಯಾರ ಮೇಲೂ ಕೈ ಎತ್ತುವುದಿಲ್ಲ. ಇಂಗ್ಲಿಷ್ ಚಿತ್ರವೊಂದರಲ್ಲಿ ನಮ್ಮ ಸೀಮೆಯವರಿಗೆ ಇಷ್ಟು ಬೇಗ ಅರ್ಥವಾಗುವ ಸಂಗತಿ ಇನ್ನೊಂದಿರಲಾರದು. ಇದು ಹರಕೆ. ಮನೆಯಲ್ಲಿ ಯಾರಿಗಾದರೂ ಜೀವಕ್ಕೆ ಬಂದಾಗ ಉಚ್ಚಂಗೆಮ್ಮನಿಗೆ ಹರಕೆ ಹೊತ್ತು, ಗುಣವಾದ ಮೇಲೆ ಗುಡ್ಡದ ಮೆಟ್ಟಿಲು ಹತ್ತಿ ತೀರಿಸಿ ಬರುವ ಜನ ನಾವು. ಹರಕೆ ಹೊತ್ತವನಿಗೆ ಅದರ ಭಾರ ಎಷ್ಟೆಂಬುದು ನಮಗೆ ಗೊತ್ತು. ಅದನ್ನು ತಿಳಿಯದ ಮೈಕ್, ಗುಣವಾಗಿ ಎದ್ದ ಮೇಲೆ, ನನ್ನ ಮೇಲೆ ಗುಂಡು ಹಾರಿಸಿದವನನ್ನು ಹಿಡಿಯಲು ಜೊತೆಗೆ ಬಾ ಎಂದು ಕರೆದಾಗ ಮಾರ್ಕಸ್ ಒಲ್ಲೆ ಎನ್ನುವುದು ಹೇಡಿತನದಿಂದ ಅಲ್ಲ ಎಂಬುದೂ ನಮಗೆ ಗೊತ್ತು. ಗೆಳೆಯನ ಜೀವ ಉಳಿದದ್ದೇ ತನ್ನ ಮಾತಿನ ಬೆಲೆಯಿಂದ ಎಂದು ನಂಬಿದವನು, ಆ ಗೆಳೆಯನ ಸಲುವಾಗಿಯೇ ಆ ಮಾತನ್ನು ಹೇಗೆ ಮುರಿಯಬೇಕು? ಈ ಇಕ್ಕಟ್ಟು ಬಹಳ ಒಳ್ಳೆಯ ನಾಟಕಕಾರನ ಕೈಗೆ ಸಿಗಬೇಕಾದದ್ದು. ಲಾರೆನ್ಸ್ ಅದನ್ನು ತಮಾಷೆಯ ಮಾತುಗಳ ನಡುವೆಯೇ ಕಾಪಾಡಿಕೊಂಡು ಹೋಗುತ್ತಾರೆ. ಕಣ್ಣಿನಲ್ಲಿ ಭಯ, ಬಾಯಲ್ಲಿ ನಗೆಚಾಟಿಕೆ. ಇಡೀ ಸರಣಿಯಲ್ಲಿ ಅವರ ಅತ್ಯುತ್ತಮ ಅಭಿನಯ ಇದೇ ಎಂದು ನಾನು ಧೈರ್ಯದಿಂದ ಹೇಳಬಲ್ಲೆ.

ಇಬ್ಬರ ಮೇಲಧಿಕಾರಿಯಾದ ಕ್ಯಾಪ್ಟನ್ ಹೊವಾರ್ಡ್ ಪಾತ್ರವನ್ನು ಮೊದಲ ಚಿತ್ರದಿಂದಲೂ ಜೋ ಪ್ಯಾಂಟೊಲಿಯಾನೊ ಮಾಡುತ್ತ ಬಂದಿದ್ದಾರೆ. ತನ್ನದೇ ಪ್ರಕರಣವನ್ನು ತಾನೇ ತನಿಖೆ ಮಾಡಲು ಮೈಕ್‌ಗೆ ಅವರು ಅನುಮತಿ ಕೊಡುವುದಿಲ್ಲ; ಆಧುನಿಕ ತಂತ್ರಜ್ಞಾನ ಬಳಸುವ ಯುವ ತಂಡವೊಂದರ ಜೊತೆ ಸಲಹೆಗಾರನಾಗಿ ಇರು ಎನ್ನುತ್ತಾರೆ. ಗೆಳೆಯ ಇದನ್ನು ಕೇಳಿ ತಲೆದೂಗಿದ. ಗುಂಡೇಟು ತಿಂದವನೇ ತನಿಖಾಧಿಕಾರಿಯಾದರೆ ನ್ಯಾಯಾಲಯದಲ್ಲಿ ಪ್ರಕರಣ ನಿಲ್ಲುವುದಿಲ್ಲ ಎಂಬ ತಿಳಿವಳಿಕೆ ಈ ಬಗೆಯ ಚಿತ್ರಗಳಲ್ಲಿ ಕಾಣುವುದೇ ಅಪರೂಪ. ಕ್ಯಾಪ್ಟನ್ ಒಂದು ಕಡೆ ಮೈಕ್‌ಗೆ ಹಳೆಯ ಬೌದ್ಧ ದೃಷ್ಟಾಂತವೊಂದನ್ನು ಹೇಳುತ್ತಾರೆ: ನಾಗಾಲೋಟದಲ್ಲಿ ಹೋಗುತ್ತಿರುವ ಕುದುರೆಯ ಮೇಲೆ ಕುಳಿತವನನ್ನು ಎಲ್ಲಿಗೆ ಹೊರಟೆ ಎಂದು ಕೇಳಿದರೆ, ನನ್ನನ್ನೇಕೆ ಕೇಳುತ್ತೀರಿ, ಕುದುರೆಯನ್ನು ಕೇಳಿ ಎಂದನಂತೆ. ಮೈಕ್‌ನ ಬದುಕಿಗೆ ಇಷ್ಟು ಹೊಂದುವ ಮಾತು ಚಿತ್ರದಲ್ಲಿ ಬೇರೆ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಆ ಕ್ಯಾಪ್ಟನ್ ಗುಂಡಿಗೆ ಬಲಿಯಾಗುತ್ತಾರೆ. ಚಿತ್ರದ ಅತ್ಯಂತ ದೊಡ್ಡ ನಷ್ಟ ಇದು. ಆದರೆ ಶೋಕಕ್ಕೆ ಒಂದೆರಡು ನಿಮಿಷ ಕೊಟ್ಟು ಕಥೆ ಮೆಕ್ಸಿಕೊದ ವಿಮಾನ ಹತ್ತಿಬಿಡುತ್ತದೆ. 25 ವರ್ಷ ಜೊತೆಗಿದ್ದ ಪಾತ್ರವೊಂದಕ್ಕೆ ಇದಕ್ಕಿಂತ ಹೆಚ್ಚಿನ ಗೌರವ ಸಲ್ಲಬೇಕಿತ್ತು.

ಮೈಕ್‌ನ ಪಾಲಿನ ಕಥೆಯಲ್ಲಿ ನನಗೆ ತಕರಾರು ಇದೆ. ಮೆಕ್ಸಿಕೊದ ಸೆರೆಮನೆಯಿಂದ ತಪ್ಪಿಸಿಕೊಂಡ ಇಸಾಬೆಲ್ ಅರೆಟಾಸ್, ತನ್ನ ಗಂಡನ ಅವನತಿಗೆ ಕಾರಣರಾದವರನ್ನೆಲ್ಲ ಕೊಲ್ಲಲು ಮಗ ಅರ್ಮಾಂಡೊನನ್ನು ಕಳುಹಿಸಿದ್ದಾಳೆ. ಮೈಕ್ ಅವಳ ಪಟ್ಟಿಯ ಕೊನೆಯ ಹೆಸರು. ಅರ್ಮಾಂಡೊ ಒಮ್ಮೆ ಸ್ಪ್ಯಾನಿಷ್‌ನಲ್ಲಿ ‘ಹಸ್ತಾ ಎಲ್ ಫ್ವೇಗೊ’, ಬೆಂಕಿಯವರೆಗೂ, ಎಂದು ಹೇಳಿದ್ದನ್ನು ಕೇಳಿದಾಗ ಮೈಕ್‌ನ ಮುಖ ಬಿಳಿಚುತ್ತದೆ: ಅದು ಬಹಳ ಹಿಂದೆ, ವೇಷ ಮರೆಸಿಕೊಂಡು ಮಾದಕವಸ್ತು ಜಾಲದೊಳಗೆ ಸೇರಿದ್ದಾಗ, ಅವನೂ ಇಸಾಬೆಲ್‌ಳೂ ಪರಸ್ಪರ ಹೇಳಿಕೊಳ್ಳುತ್ತಿದ್ದ ಮಾತು. ತನ್ನ ಮೇಲೆ ಗುಂಡು ಹಾರಿಸಿದವನು ತನ್ನದೇ ಮಗ. ತಂದೆಯನ್ನು ಅರಿಯದ ಮಗ, ಸೇಡಿನ ತಾಯಿ, ಗುರುತು ಹೇಳುವ ಒಂದು ಮಾತು, ಇವೆಲ್ಲ ನಮ್ಮ ಬಯಲಾಟದಲ್ಲಿ ಬಭ್ರುವಾಹನನ ಪ್ರಸಂಗ ನೋಡಿ ಬೆಳೆದವರಿಗೆ ಹೊಸದಲ್ಲ, ಹಳೆಯದೆಂಬ ಕಾರಣಕ್ಕೆ ಬೇಸರವೂ ಆಗುವುದಿಲ್ಲ. ಆದರೆ ಅರ್ಜುನನೂ ಬಭ್ರುವಾಹನನೂ ಎದುರಾದಾಗ ಮಾತಿಗೆ ಎಷ್ಟು ಹೊತ್ತು ಕೊಡುತ್ತಾರೋ ನೋಡಿ! ಭಾಗವತರು ಪದ್ಯದ ಮೇಲೆ ಪದ್ಯ ಎತ್ತುತ್ತಾರೆ, ಮಗನ ಅಭಿಮಾನವನ್ನೂ ತಂದೆಯ ಅವಮಾನದ ಮಾತನ್ನೂ ಅರ್ಧ ರಾತ್ರಿಯವರೆಗೆ ಬೆಳೆಸುತ್ತಾರೆ. ಇಲ್ಲಿ ತಂದೆ ಮಕ್ಕಳ ಭೇಟಿ ಹೊತ್ತಿ ಉರಿಯುತ್ತಿರುವ ಅರಮನೆಯಲ್ಲಿ, ಮುಷ್ಟಿಯುದ್ಧದ ನಡುವೆ ನಡೆಯುತ್ತದೆ. ನಾನೇ ನಿನ್ನ ತಂದೆ ಎಂದು ಹೇಳಿ, ನಂಬಿಸಿ, ಮನಸ್ಸು ತಿರುಗಿಸುವಷ್ಟರಲ್ಲಿ ಗುಂಡು ಹಾರಿ, ಇಸಾಬೆಲ್ ಬೆಂಕಿಗೆ ಬೀಳುತ್ತಾಳೆ. ಇಷ್ಟು ಕೊಲೆಗಳನ್ನು ಮಾಡಿದ ಅರ್ಮಾಂಡೊನ ಮನಸ್ಸಿನಲ್ಲಿ ಏನಾಯಿತು ಎಂಬುದು ಪ್ರೇಕ್ಷಕನಿಗೆ ಸಿಗುವುದೇ ಇಲ್ಲ.

ಇದಕ್ಕಿಂತ ಎಷ್ಟೋ ಚೆನ್ನಾಗಿರುವುದು ಅದಕ್ಕೂ ಮೊದಲು ವಿಮಾನದಲ್ಲಿ ಬರುವ ದೃಶ್ಯ. ಪ್ರಯಾಣಿಕರು ಕಿವಿಗೊಟ್ಟು ಕೇಳುತ್ತಿರುವಂತೆಯೇ, 25 ವರ್ಷ ಜೊತೆಗಿದ್ದವನಿಂದ ಇಂಥದೊಂದನ್ನು ಮುಚ್ಚಿಟ್ಟಿದ್ದೆ ಎಂದು ಮೈಕ್ ಒಪ್ಪಿಕೊಳ್ಳುತ್ತಾನೆ. ಮಾರ್ಕಸ್ ಕೂಗಾಡುತ್ತಾನೆ, ನೊಂದುಕೊಳ್ಳುತ್ತಾನೆ, ಕೊನೆಗೆ ಅವನ ಪಕ್ಕದಲ್ಲೇ ಕುಳಿತಿರುತ್ತಾನೆ. ಗುಂಡಿಲ್ಲ, ಬೆಂಕಿಯಿಲ್ಲ, ಎರಡು ಸೀಟುಗಳಷ್ಟೇ. ರಾತ್ರಿ ಬೀಟಿನಲ್ಲಿ ಹನ್ನೊಂದು ವರ್ಷ ಒಬ್ಬನೇ ಜೊತೆಗಾರನೊಂದಿಗೆ ನಡೆದಿದ್ದ ನನ್ನ ಗೆಳೆಯ, ಆ ಜೊತೆಗಾರ ತನಗಿದ್ದ ಕಾಯಿಲೆಯನ್ನು ಕಡೆಯ ತಿಂಗಳವರೆಗೂ ಹೇಳಿರಲಿಲ್ಲ ಎಂಬುದನ್ನು ಅಂದೇ ಮೊದಲ ಸಲ ನನಗೆ ಹೇಳಿದ. ಚಿತ್ರವನ್ನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ್ದೆವು.

ಮೈಕೆಲ್ ಬೇ ಅವರ ಜಾಗಕ್ಕೆ ಬಂದ ಆದಿಲ್ ಎಲ್ ಅರ್ಬಿ ಮತ್ತು ಬಿಲಾಲ್ ಫಲ್ಲಾ ಬೆಲ್ಜಿಯಂನಲ್ಲಿ ಬೆಳೆದ, ಮೊರಾಕೊ ಮೂಲದ ಜೋಡಿ. ಮೊದಲ ಚಿತ್ರ ಬಂದಾಗ ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗರು. ಆ ಶೈಲಿಯನ್ನು ಪ್ರೀತಿಸಿ ಬೆಳೆದವರೆಂಬುದು ಬಣ್ಣಗಳಲ್ಲೇ ಕಾಣುತ್ತದೆ: ಸೂರ್ಯಾಸ್ತದ ಕಿತ್ತಳೆ, ರಾತ್ರಿಯ ನಿಯಾನ್ ನೇರಳೆ, ನೆಲಮಟ್ಟದಿಂದ ಮೇಲೇರುತ್ತ ಸುತ್ತು ಹೊಡೆಯುವ ಕ್ಯಾಮೆರಾ. ಆದರೆ ಬೇ ಅವರ ಎರಡನೆಯ ಚಿತ್ರ 2 ಗಂಟೆ 27 ನಿಮಿಷಗಳ ಗದ್ದಲವಾಗಿತ್ತು. ಯಾರು ಯಾರಿಗೆ ಹೊಡೆದರೆಂದು ತಿಳಿಯುವ ಮೊದಲೇ ಶಾಟ್ ಬದಲಾಗುತ್ತಿತ್ತು. ಈ ಇಬ್ಬರು 2 ಗಂಟೆ 4 ನಿಮಿಷಗಳಲ್ಲಿ ಮುಗಿಸುತ್ತಾರೆ, ಹೊಡೆದಾಟಗಳಲ್ಲಿ ಯಾರು ಎಲ್ಲಿದ್ದಾರೆಂಬುದನ್ನು ಕಣ್ಣಿಗೆ ಸ್ಪಷ್ಟವಾಗಿ ಕಟ್ಟಿಕೊಡುತ್ತಾರೆ. ಬೇ ಅವರೇ ಮಾರ್ಕಸ್‌ನ ಮಗಳ ಮದುವೆಯಲ್ಲಿ ಧ್ವನಿವರ್ಧಕ ಹಿಡಿದು ನಿರೂಪಣೆ ಮಾಡುವವರಾಗಿ ಒಂದು ಗಳಿಗೆ ಕಾಣಿಸಿಕೊಳ್ಳುವುದು ಹಳಬರು ಹೊಸಬರಿಗೆ ಮನೆ ಬಿಟ್ಟುಕೊಟ್ಟಂತೆ ಹಿತವಾಗಿದೆ. ಪಕ್ಕದ ತೊಟ್ಟಿಯುಳ್ಳ ಬೈಕಿನಲ್ಲಿ ಹೆಲಿಕಾಪ್ಟರಿನಿಂದ ತಪ್ಪಿಸಿಕೊಳ್ಳುವ ದೃಶ್ಯ ಮಾತ್ರ ಕಂಪ್ಯೂಟರ್ ಚಿತ್ರಣದ ನುಣುಪಿನಿಂದ ಸೊರಗಿದೆ. ಮೈಮೇಲೆ ಗಾಳಿ ಬಡಿದಂತೆ ಆಗುವುದಿಲ್ಲ.

ಯುವ ತಂಡದ ಪಾತ್ರಗಳನ್ನು ಇನ್ನಷ್ಟು ಬೆಳೆಸಬಹುದಿತ್ತು. ಆನೆಯಂಥ ಮೈಕಟ್ಟಿದ್ದರೂ ಹಿಂದೆ ತನ್ನ ಕೈಯಿಂದಾದ ಸಾವಿನ ಕಾರಣಕ್ಕೆ ಹೊಡೆದಾಟದಿಂದ ದೂರ ಉಳಿದು ಡ್ರೋನ್ ನಡೆಸುವ ಡಾರ್ನ್, ಮಾರ್ಕಸ್‌ನ ಹರಕೆಯ ಪ್ರತಿಬಿಂಬದಂತಿದ್ದಾನೆ. ಇವರಿಬ್ಬರನ್ನು ಒಂದು ದೃಶ್ಯದಲ್ಲಿ ಎದುರುಬದುರು ಕೂರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ತಂಡದ ಮುಖ್ಯಸ್ಥೆ ರೀಟಾ ಪಾತ್ರದಲ್ಲಿ ಪಾವೊಲಾ ನೂನ್ಯೆಸ್ ಗಂಭೀರವಾಗಿ ಅಭಿನಯಿಸಿದ್ದಾರೆ, ಆದರೆ ಚಿತ್ರಕಥೆ ಅವರನ್ನು ಮೈಕ್‌ನ ಹಳೆಯ ಗೆಳತಿಯೆಂದೇ ಹೆಚ್ಚಾಗಿ ನೋಡುತ್ತದೆ. ಇಸಾಬೆಲ್‌ಳನ್ನಂತೂ ಮಾಟಗಾತಿ ಎಂದು ಕರೆದು, ಅವಳ ದೃಷ್ಟಿಯ ನ್ಯಾಯವನ್ನು ಕೇಳುವ ಗೋಜಿಗೇ ಹೋಗಿಲ್ಲ. ಅವಳನ್ನು ಪ್ರೀತಿಸಿ, ಹಿಡಿದುಕೊಟ್ಟು, ಮರೆತುಹೋದವನು ಮೈಕ್; ಆ ತಪ್ಪಿನ ಲೆಕ್ಕವನ್ನು ಅವನೆದುರು ಇಡುವವರು ಚಿತ್ರದಲ್ಲಿ ಯಾರೂ ಇಲ್ಲ.

ಸುಮಾರು 9 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾದ ಚಿತ್ರ ಜಗತ್ತಿನಾದ್ಯಂತ 42 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಕೆಲವೇ ವಾರಗಳಲ್ಲಿ ಕೊರೊನಾ ಬಂದು ಚಿತ್ರಮಂದಿರಗಳು ಮುಚ್ಚಿದ್ದರಿಂದ, ಉತ್ತರ ಅಮೆರಿಕದಲ್ಲಿ ಆ ವರ್ಷದ ಅತಿ ಹೆಚ್ಚು ಗಳಿಕೆಯ ಚಿತ್ರ ಇದೇ ಆಯಿತು. ಆ ಯಶಸ್ಸಿನ ಫಲವಾಗಿ 2024ರ ಜೂನ್‌ನಲ್ಲಿ ನಾಲ್ಕನೆಯ ಭಾಗ ‘ರೈಡ್ ಆರ್ ಡೈ’ ಬಂತು. ಅದನ್ನು ನಾನೊಬ್ಬನೇ ಮೊದಲೇ ನೋಡಿದ್ದೆ. ಅದರಲ್ಲಿ ಮೈಕ್‌ನ ಮದುವೆಯಲ್ಲಿ ಕುಣಿಯುತ್ತಲೇ ಮಾರ್ಕಸ್‌ಗೆ ಹೃದಯಾಘಾತವಾಗುತ್ತದೆ; ಬದುಕುಳಿದವನಿಗೆ ತನಗಿನ್ನು ಸಾವಿಲ್ಲವೆಂಬ ಹುಚ್ಚು ಧೈರ್ಯ ಬರುತ್ತದೆ, ಇತ್ತ ಮೈಕ್‌ಗೆ ಎದೆ ಬಿಗಿದು ಕೈಕಾಲು ಆಡದಂತಾಗುವ ಭಯದ ಕಾಯಿಲೆ ಹಿಡಿಯುತ್ತದೆ. ಸತ್ತ ಕ್ಯಾಪ್ಟನ್ ಹೆಸರಿಗೆ ಹತ್ತಿದ ಕಳಂಕ ತೊಳೆಯುವುದೇ ಅದರ ಕಥೆ. ಅಂದರೆ ಮೂರನೆಯ ಭಾಗ ಬಾಕಿ ಉಳಿಸಿದ್ದ ಸಾಲವನ್ನು ಅದೇ ನಿರ್ದೇಶಕರು ನಾಲ್ಕನೆಯದರಲ್ಲಿ ಸ್ವಲ್ಪಮಟ್ಟಿಗೆ ತೀರಿಸಿದ್ದಾರೆ. ಮಾರ್ಕಸ್ ಸದಾ ಗದರಿಸುತ್ತಿದ್ದ ಅಳಿಯ ರೆಜಿ, ಮನೆಗೆ ನುಗ್ಗಿದ ಹಂತಕರನ್ನು ಒಬ್ಬನೇ ಎದುರಿಸುವ ದೃಶ್ಯಕ್ಕಾಗಿಯಾದರೂ ಅದನ್ನು ನೋಡಬೇಕು.

ನನ್ನ ದೊಡ್ಡ ಅಸಮಾಧಾನ ಮೂರನೆಯ ಭಾಗದ ಮುಕ್ತಾಯದ ಬಗ್ಗೆ. ಇಷ್ಟೆಲ್ಲ ಆದ ಮೇಲೆ ರೀಟಾಗೆ ಬಡ್ತಿ ಸಿಗುತ್ತದೆ, ಯುವ ತಂಡದ ಹೊಣೆ ಮೈಕ್ ಮತ್ತು ಮಾರ್ಕಸ್ ಇಬ್ಬರ ಹೆಗಲಿಗೆ ಬರುತ್ತದೆ. ಮೊಮ್ಮಗನ ತೊಟ್ಟಿಲ ಬಳಿ ಸಾಕು ಎಂದವನನ್ನು, ಹರಕೆ ಹೊತ್ತವನನ್ನು, ಚಿತ್ರ ಮತ್ತೆ ಕೆಲಸಕ್ಕೆ ಎಳೆದು ತರುತ್ತದೆ. ಮುರಿದ ಹರಕೆಗೆ ಅವನು ಏನು ತೆತ್ತನೆಂದು ಕೇಳುವುದೂ ಇಲ್ಲ. ಮಾರ್ಕಸ್ ಮನೆಯಲ್ಲೇ ಉಳಿದು, ಮೈಕ್ ಒಬ್ಬನೇ ಠಾಣೆಗೆ ಹೋಗುವ ಮುಕ್ತಾಯವಿದ್ದರೆ ಈ ಸರಣಿಗೆ ಅದಕ್ಕಿಂತ ಘನವಾದ ಕೊನೆ ಸಿಗುತ್ತಿರಲಿಲ್ಲ ಎಂದು ನಾನು ವಾದಿಸಿದೆ.

ಗೆಳೆಯ ಒಪ್ಪಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಜೀಪಿನಲ್ಲಿ ಮನೆಗೆ ಬಂದವನು, ಮರುದಿನ ಬೆಳಿಗ್ಗೆ ರೋಲ್‌ಕಾಲ್ ಹೊತ್ತಿಗೆ ಎದ್ದು, ಶೂ ಪಾಲಿಶ್ ಮಾಡಿಟ್ಟು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕುಂದವಾಡ ಕೆರೆಯ ಏರಿಯ ಮೇಲೆ ಎರಡು ಸುತ್ತು ಹಾಕಿ ಬಂದಿದ್ದನಂತೆ. ಅದರ ಮುಂದಿನ ದುರ್ಗಾಂಬಿಕಾ ಜಾತ್ರೆಯ ಬಂದೋಬಸ್ತಿನಲ್ಲಿ ಹಳೆಯ ಠಾಣೆಯ ಹುಡುಗರು ನಿಂತಿರುವುದನ್ನು ಕಂಡು, ಯಾರೂ ಕರೆಯದೆ ಹೋಗಿ ಸಂದಣಿಯ ಕಡೆ ಹಗ್ಗ ಹಿಡಿದು ನಿಂತನಂತೆ. "ಅವ್ನು ಮನೇಲಿ ಉಳೀತಾನೆ ಅಂತ ನೀನು ಹೆಂಗೆ ನಂಬಿದ್ಯಪ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಚಿತ್ರ ಆ ಪ್ರಶ್ನೆಯನ್ನು ಕೇಳಿದ ಮೇಲೆ ಉತ್ತರಕ್ಕೆ ಇನ್ನೂ ಹತ್ತು ನಿಮಿಷ ಕೊಡಬೇಕಿತ್ತು ಎಂಬ ನನ್ನ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ನೋಡುವವರಿಗೆ ಎರಡು ಸೂಚನೆಗಳಿವೆ. ಒರಟು ಬೈಗುಳವೂ ರಕ್ತಪಾತವೂ ಧಾರಾಳವಾಗಿರುವುದರಿಂದ ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲ. ಮೊದಲ ಭಾಗವನ್ನು ನೋಡಿರದವರು ಅದನ್ನು ನೋಡಿಯೇ ಇದಕ್ಕೆ ಬರಬೇಕು, ಏಕೆಂದರೆ ಕ್ಯಾಪ್ಟನ್‌ನ ಸಿಡುಕು ಮುಖವನ್ನು ಮೊದಲೇ ಕಂಡವರಿಗೆ ಮಾತ್ರ ಅವರ ಸಾವು ತಟ್ಟುತ್ತದೆ. ಎರಡನೆಯದನ್ನು ಬಿಟ್ಟರೂ ನಷ್ಟವಿಲ್ಲ. ನಾಲ್ಕನೆಯದನ್ನು ಬರುವ ಭಾನುವಾರ ಮತ್ತೊಮ್ಮೆ ಹಾಕುತ್ತೇನೆ. ಗೆಳೆಯ ಹೊಸ ಕನ್ನಡಕದ ಅಳತೆ ಕೊಟ್ಟು ಬಂದಿದ್ದಾನೆ, ಅದು ಶನಿವಾರ ಸಿಗುತ್ತದಂತೆ.